ನವಣಿ ತೆನಿಯ ಚೆಕ್‌ಸಮ್

ಕೂಡ್ರಿ, ಹೇಳ್ತೀನಿ. ಆದ್ರ ನಡುವ ಯಾರೂ ನಗಬ್ಯಾಡ್ರಿ. ನನಗಿನ್ನೂ ಸಿಟ್ಟು ಇಳಿದಿಲ್ಲ. ನಗೂದಿದ್ರ ಈಗ ಎದ್ದು ಹೋಗಿ ನಿಮ್ಮ ನಿಮ್ಮ ಕಂಡಿಕಿಗೆ ನೂಲು ಸುತ್ಕೋರಿ.

ಗುಳೇದಗುಡ್ಡದಾಗ ನಮ್ಮ ಓಣ್ಯಾಗ, ನಮ್ಮ ಗ್ವಾಡಿಗೆ ಗ್ವಾಡಿ ಹಚ್ಚಿದ ಮನ್ಯಾಗ ನೀಲಗಂಗವ್ವ ಇದ್ಲು. ಆಕಿಗೊಬ್ಬ ಮಗ, ಗುರುಪಾದ. ಇಪ್ಪತ್ತಾರು ವರ್ಷದಾಂವ. ಎತ್ತರ ಬಾಗಿಲಾ ಮುಟ್ಟುವಷ್ಟಿತ್ತು, ಬುದ್ಧಿ ಮಾತ್ರ ಹೊಸ್ತಿಲಾ ದಾಟಿರಲಿಲ್ಲ. ಮೈಗಳ್ಳ ಅಲ್ಲ, ಅವ್ವನ ಮಾತು ಮೀರುವಾಂವನೂ ಅಲ್ಲ. ಅದ ಆಕಿ ಕರ್ಮ. ಹೇಳಿದ್ದಷ್ಟ ಮಾಡ್ತಿದ್ದ, ಹೇಳಿದಂಗ ಮಾಡ್ತಿದ್ದ. "ಹಾಲು ನೋಡ್ಕೊ" ಅಂದ್ರ ಹಾಲು ಉಕ್ಕಿ ಒಲಿ ಆರೂತನಕ ಕಣ್ಣು ಮಿಟುಕಿಸದ ನೋಡ್ತಿದ್ದ.

"ಇಂಥಾದನ್ನ ಹಡಿಯೂಕಿಂತ ಒಂದು ಬೀಸೂಕಲ್ಲು ಹಡದಿದ್ರ ಹಿಟ್ಟರ ಆಗ್ತಿತ್ತು" ಅಂತ ನೀಲಗಂಗವ್ವ ಹಣಿ ಬಡಕೊಳ್ಳಾಕಿ.

ಆಕಿ ಗಂಡ ಈರಪ್ಪ ಕುಪ್ಪಸದ ಖಣಕ್ಕ ನಕ್ಷೆ ಬರಿಯೂದರಾಗ ಎತ್ತಿದ ಕೈ. ಚೌಕಳಿ ಹಾಳ್ಯಾಗ ಒಂದೊಂದ ಚೌಕ ತುಂಬಿ ತುಂಬಿ ಇನ್ನೂರಾ ಹದಿನಾಲ್ಕು ನಕ್ಷೆ ಬರೆದಿದ್ದ. ಅಂವ ಸತ್ತ ಮ್ಯಾಲೆ ಹಾಳಿಗೆ ಗೆದ್ದಲಿ ಹತ್ತಿ ಎಲ್ಲಾ ಮಣ್ಣಾತು. ಪುಣ್ಯಕ್ಕ, ಗೆದ್ದಲಿ ಹತ್ತೂಕಿಂತ ಮೊದಲ, ನೇಕಾರ ಸಂಘದಾಗ ಕಂಪ್ಯೂಟರ್ ಕೆಲಸ ಮಾಡೂ ಶಮೀಮ ಅವನ್ನೆಲ್ಲಾ ಫೈಲ್ ಮಾಡಿ ಒಂದು ಡಿಸ್ಕಿಗೆ ಹಾಕಿದ್ಲು. ಆ ಡಿಸ್ಕ್ ಬಿಟ್ರ ಈರಪ್ಪನ ಕೈಕೆಲಸ ಈ ಲೋಕದಾಗ ಮತ್ತೆಲ್ಲೂ ಉಳಿದಿರಲಿಲ್ಲ.

ಡಿಸ್ಕಿಗೂ ವಯಸ್ಸಾತು. ಕಟಕಟ ಅನ್ನಾಕ ಹತ್ತಿತು. ಶಮೀಮ ಒಂದು ಹೊಸ ಡಿಸ್ಕ್ ಹಿಡಕೊಂಡು ಬಂದ್ಲು.

"ಅತ್ತಿ, ಈ ಹಳೇ ಡಿಸ್ಕ್ ಇನ್ನ ಬಾಳ ದಿನ ತಾಳೂದಿಲ್ರಿ. ಎಲ್ಲಾ ಹೊಸದಕ್ಕ ಇಳಿಸಿ ಸಂಘಕ್ಕ ಕೊಡ್ರಿ. ಕಂಪ್ಯೂಟರ್ ಮಗ್ಗದ ಮ್ಯಾಲೆ ನೇಯ್ಸಿ, ಖಣದ ಅಂಚಿಗೆ ಈರಪ್ಪ ಕಾಕಾನ ಹೆಸರು ಹಾಕ್ತೀವಿ. ಆದ್ರ ಇಳಿಸೂವಾಗ ಒಂದು ಚೌಕ ಕೆಟ್ರೂ ನಕ್ಷೆ ಹೋತು."

"ಕೆಟ್ಟದ್ದು ಗೊತ್ತಾಗೂದು ಹೆಂಗವ್ವ?"

"ಚೆಕ್‌ಸಮ್ ತೆಗಿಬೇಕ್ರಿ. ಫೈಲಿನ ಹೆಬ್ಬೆಟ್ಟಿನ ಗುರುತು ಅನ್ನಕೋರಿ. ಅರವತ್ನಾಲ್ಕು ಅಕ್ಷರ ಬರ್ತಾವ. ಫೈಲಿನಾಗ ಒಂದು ಚುಕ್ಕಿ ಬದಲಾದ್ರೂ ಗುರುತು ಪೂರಾ ಬದಲಾಗ್ತೈತಿ."

ಮನ್ಯಾಗ ಸಂಘದವರು ಬಿಟ್ಟ ಹಳೇ ಕಂಪ್ಯೂಟರ್ ಇತ್ತು. ಗುರುಪಾದ ಅದರಾಗ ಟೈಪ್ ಮಾಡೂದೊಂದು ಕಲ್ತಿದ್ದ. ಶಮೀಮ ಅಂವಗ ಕಪ್ಪು ಪರದೆ ತೆರೆದು ತೋರಿಸಿದ್ಲು. "ಗುರುಪಾದಣ್ಣ, ಇಲ್ಲಿ ಶಾ-೨೫೬-ಸಮ್ ಅಂತ ಹೊಡಿ, ಮುಂದ ಫೈಲಿನ ಹೆಸರು ಹೊಡಿ. ಬಂದ ಗುರುತೆಲ್ಲಾ ಒಂದು ಪಟ್ಟಿಗೆ ಹಾಕು. ಪಟ್ಟಿ ಬಾಳ ಮುಖ್ಯ. ಪಟ್ಟಿ ಜ್ವಾಕಿ. ಪಟ್ಟಿ ಹೊಸ ಡಿಸ್ಕಿಗೆ ಹೋಗಲೇಬೇಕು."

"ಹೂಂ" ಅಂದ ಗುರುಪಾದ.

ಮುಂಜಾಲೆಯಿಂದ ಮಧ್ಯಾಹ್ನದ ತನಕ ಟಕಟಕ ಹೊಡೆದ. ಇನ್ನೂರಾ ಹದಿನಾಲ್ಕು ಗುರುತು ತೆಗೆದ. ಪಟ್ಟಿ ಮಾಡಿದ. ಪಟ್ಟಿ ಹೊಸ ಡಿಸ್ಕಿಗೆ ಹಾಕಿದ. ಡಿಸ್ಕನ್ನ ಟವೆಲಿನ್ಯಾಗ ಸುತ್ತಿ, ಎರಡೂ ಕೈಲೆ ಹಿಡಕೊಂಡು ಸಂಘಕ್ಕ ಹೋದ. ಶಮೀಮ ತೆರೆದು ನೋಡಿದ್ಲು. ಪಟ್ಟಿ ಐತಿ, ನಕ್ಷೆ ಒಂದೂ ಇಲ್ಲ.

"ನಕ್ಷೆ ಎಲ್ಲಿ ಅಣ್ಣ?"

"ಮನ್ಯಾಗದಾವ. ನೀ ಪಟ್ಟಿ ಮುಖ್ಯ ಅಂದಿ, ಪಟ್ಟಿ ತಂದೀನಿ."

ಸುದ್ದಿ ಕೇಳಿ ನೀಲಗಂಗವ್ವ ಕೈಯಾಗಿನ ಜ್ವಾಳ ಕೇರೂ ಮರಾ ಒಗೆದ್ಲು. "ಲೇ ಖೋಡಿ, ಬರೇ ಪಟ್ಟಿ ತಗೊಂಡು ಅವರೇನು ನೆಕ್ಕಬೇಕೇನೋ? ಮಗ್ಗದ ಮ್ಯಾಲೆ ಪಟ್ಟಿ ನೇಯ್ತಾರೇನು? ನಕ್ಷೆ ಮತ್ತ ಗುರುತು ಕೂಡೇ ಇರಬೇಕೋ, ಕೂಡೇ. ಒಂದನ್ನೊಂದು ಬಿಟ್ಟು ಇರಬಾರದು."

"ಈಗ ತಿಳೀತು ಬಿಡಬೇ" ಅಂದ ಗುರುಪಾದ.

ಏನು ತಿಳೀತು ಅಂಬೂದನ್ನ ಕೇಳ್ರಿ. ನಕ್ಷೆಗಳನ್ನ ಹೊಸ ಡಿಸ್ಕಿಗೆ ಇಳಿಸಿದ. ಇಳಿಸಿ, ಒಂದೊಂದ ಫೈಲ್ ತೆರೆದು ಅದರ ಗುರುತನ್ನ ಅದರ ಹೊಟ್ಟ್ಯಾಗ ಬರೆದ. ಕೂಡೇ ಇರಬೇಕು ಅಂದಿದ್ಲಲ್ಲ ಅವ್ವ. ಬರೆದ ಮ್ಯಾಲೆ ಮತ್ತೊಮ್ಮೆ ಗುರುತು ತೆಗೆದ. ಗುರುತು ಬದಲಾಗಿತ್ತು. ಬದಲಾಗದ ಏನು, ಫೈಲಿನಾಗ ಅರವತ್ನಾಲ್ಕು ಅಕ್ಷರ ತುರುಕಿದ್ದ. ಅಂವ ಹಳೇ ಗುರುತು ಅಳಿಸಿ ಹೊಸಾದು ತುರುಕಿದ. ಮತ್ತ ತೆಗೆದ. ಮತ್ತ ಬದಲಾತು. ಮತ್ತ ಅಳಿಸಿದ, ಮತ್ತ ತುರುಕಿದ, ಮತ್ತ ತೆಗೆದ, ಮತ್ತ ಬದಲಾತು. ಕ್ಯಾದಗಿ ಹೂವಿನ ನಕ್ಷೆ ಒಂದರ ಬೆನ್ನಿಗ ಬಿದ್ದು ಸಂಜಿ ಮಾಡಿದ.

"ಅವ್ವಾ, ಇದು ನನ್ನ ಕೈಗೆ ಸಿಗವಲ್ದು. ನಾ ಬರೆದ ಕೂಡ್ಲೆ ಗುರುತು ಓಡಿ ಹೋಗ್ತೈತಿ" ಅಂದ.

ಶಮೀಮ ಬಂದು ನೋಡಿ ಬಾಯಿ ಮ್ಯಾಲೆ ಕೈ ಇಟ್ಕೊಂಡ್ಲು. ಹಳೇ ಡಿಸ್ಕಿನಾಗ ಅಸಲು ಇತ್ತು ಅಂತ ಉಳೀತು. ಇಲ್ಲಂದ್ರ ಅವತ್ತ ಮುಗೀತಿತ್ತು.

ನೀಲಗಂಗವ್ವನ ಸಿಟ್ಟು ನೆತ್ತಿಗೇರಿತು. "ನಿಮ್ಮಪ್ಪ ಕಣ್ಣು ಕಳಕೊಂಡು ತುಂಬಿದ ಚೌಕದಾಗ ನಿನ್ನ ಎಬಿಸಿಡಿ ಯಾಕ ಗೀಚಿದಿ? ಫೈಲಿನ ಒಳಗ ಕೈ ಹಾಕಬ್ಯಾಡ. ಒಳಗ ಏನೂ ಬರಿಬ್ಯಾಡ. ಗುರುತು ಹೊರಗಿರಬೇಕು. ಹೊರಗ ಬರಿಯೋ ನಮ್ಮಪ್ಪ, ಹೊರಗ."

"ಹೊರಗ. ಆತು" ಅಂದ.

ಮರುದಿನ ಮುಂಜಾಲೆ ನಾ ಬಾಗಿಲಾ ತೆಗೆದೆ. ತೆಗೆದು ನೋಡಿದ್ರ, ಬೀದಿ ಕಡಿ ನಮ್ಮ ಗ್ವಾಡಿ, ಎರಡು ದಿನದ ಹಿಂದ ನಾನ ಸುಣ್ಣ ಬಳದ ಗ್ವಾಡಿ, ತಳದಿಂದ ಸೂರಿನ ತನಕ ಇದ್ದಲಿನ್ಯಾಗ ಕಪ್ಪಾಗಿ ನಿಂತಿತ್ತು. ಏಳು ಎಫ್ ಮೂರು ಸೊನ್ನಿ ಬಿ ಬಿ ಒಂಬತ್ತು. ಸಾಲಿಗೆ ಅರವತ್ನಾಲ್ಕು ಅಕ್ಷರ. ಅವರ ಗ್ವಾಡಿ ತುಂಬಿ ಮುಗಿದಿತ್ತು, ನಮ್ಮ ಗ್ವಾಡಿಗೆ ಬಂದಿದ್ದ. ಏಣಿ ಮ್ಯಾಲೆ ನಿಂತು ನೂರಾ ಎಂಟನೇದ್ದು ಬರಿಯಾಕ ಹತ್ತಿದ್ದ.

"ಏನೋ ಇದು, ಮುಕಳ್ಯಾ?" ಅಂದೆ. ಮತ್ತೇನನ್ನಲಿ?

"ಚೆಕ್‌ಸಮ್ ಐತಿ ಚಿಗವ್ವ. ಹೊರಗ ಬರಿ ಅಂದಾಳ ಅವ್ವ. ಸ್ವಲ್ಪ ಸರಿ, ಆ ಮೂಲಿ ಖಾಲಿ ಐತಿ."

ನಾ ಏಣಿ ಎಳೆದೆ. ಸುಳ್ಳ್ಯಾಕ ಹೇಳಲಿ, ಎಳೆದೆ. ಬಿದ್ದು ಎದ್ದ, ಇದ್ದಲಿ ಹುಡುಕಿದ. ಓಣಿ ಮಂದಿ ಎಲ್ಲಾ ನಿಂತು ನಗ್ತಿದ್ರು. ನಗೂದು ಸಸಾರ, ಸುಣ್ಣ ಬಳಿಯಾಕ ಯಾರೂ ಬರಲಿಲ್ಲ. ಎರಡು ದಿನ ನಾ ಒಬ್ಬಾಕಿನ ಬಳದೀನಿ.

ನೀಲಗಂಗವ್ವ ಅಂವನ ಕಿವಿ ಹಿಡಿದು ಒಳಗ ಎಳಕೊಂಡು ಹೋದ್ಲು. ಶಮೀಮನೂ ಬಂದ್ಲು, ಪಾಪ, ಕೆಲಸ ಬಿಟ್ಟು ಮೂರನೇ ಸಲ. ತಾನ ಕುಂತು ಹೊಸ ಡಿಸ್ಕಿನಾಗ ಅಂವ ಗೀಚಿದ್ದೆಲ್ಲಾ ಅಳಿಸಿ, ನಕ್ಷೆ ಎಲ್ಲಾ ಹಳೇದರಿಂದ ಮತ್ತ ಇಳಿಸಿ, ಗುರುತಿನ ಪಟ್ಟಿ ಮಗ್ಗಲಕ ಇಟ್ಲು.

"ಅಣ್ಣ, ಇನ್ನ ಒಂದ ಕೆಲಸ. ಶಾ-೨೫೬-ಸಮ್ ಅಂತ ಹೊಡಿ, ಒಂದು ಅಡ್ಡಗೀಟು, ಒಂದು ಸಿ, ಆಮ್ಯಾಲೆ ಪಟ್ಟಿ ಹೆಸರು. ಯಂತ್ರಾನ ಒಂದೊಂದ ಫೈಲಿಗೆ ಗುರುತು ತಾಳೆ ನೋಡ್ತೈತಿ. ಹೊಂದಿದ್ರ ಓಕೆ ಅಂತೈತಿ, ಹೊಂದಲಿಲ್ಲಂದ್ರ ಫೇಲ್ಡ್ ಅಂತೈತಿ. ಫೇಲ್ಡ್ ಬಂದ್ರ ಆ ಫೈಲನ್ನ ಹಳೇದರಿಂದ..."

ಶಮೀಮನ ಮಾತು ಪೂರ್ತಿ ಆಗಬೇಕಿತ್ತು. ಆದ್ರ ನೀಲಗಂಗವ್ವನಿಗೆ ಮೈಯಾಗ ಬೆಂಕಿ ಬಿದ್ದಿತ್ತು, ನಡುವ ಬಾಯಿ ಹಾಕಿದ್ಲು. "ಅದೆಲ್ಲಾ ಅಂವಗ ತಿಳಿಯೂದಿಲ್ಲ ಬಿಡವ್ವ. ಲೇ, ಕೇಳಿಲ್ಲಿ. ಇನ್ನೂರಾ ಹದಿನಾಲ್ಕೂ ಓಕೆ ಅನ್ನಬೇಕು. ಅನ್ನೂತನಕ ಕುರ್ಚಿ ಬಿಟ್ಟು ಏಳಬ್ಯಾಡ. ಓಕೆ ಆದ ಕೂಡ್ಲೆ ಹಳೇ ಡಿಸ್ಕಿನಾಗಿನದೆಲ್ಲಾ ಅಳಿಸಿ ಒರೆಸಿ, ಎರಡೂ ಡಿಸ್ಕ್ ಶಮೀಮಗ ಕೊಟ್ಟು ಬಾ, ಅವು ಸಂಘದ್ವು."

ಕುಂತ. ಹೊಡೆದ. ಓಕೆ, ಓಕೆ, ಓಕೆ ಅಂತ ಇಳಿಯಾಕ ಹತ್ತಿತು. ಇನ್ನೂರಾ ಹದಿಮೂರು ಓಕೆ. ಒಂದು ಮಾತ್ರ ಫೇಲ್ಡ್. ಅದು ನವಣಿ ತೆನಿ ಅಂಬೂ ನಕ್ಷೆ. ಹೊಸ ಡಿಸ್ಕಿಗೆ ಇಳಿಯೂವಾಗ ಕೆಟ್ಟಿತ್ತು, ಹಳೇದರಾಗ ಛಲೋ ಇತ್ತು. ಹಳೇದರಿಂದ ಇನ್ನೊಮ್ಮೆ ಇಳಿಸಿದ್ರ ಮುಗೀತು, ಕಣ್ಣು ಮುಚ್ಚಿ ತೆರೆಯೂದರಾಗ ಆಗೂ ಕೆಲಸ.

ಅಂವ ಮತ್ತ ಹೊಡೆದ. ಫೇಲ್ಡ್. ಮತ್ತ ಹೊಡೆದ. ಫೇಲ್ಡ್. ನಲವತ್ತು ಸಲ ಹೊಡೆದ. ನೀರಡಿಕಿ ಆತು, ಏಳಲಿಲ್ಲ. ಹಸಿವಾತು, ಏಳಲಿಲ್ಲ. ಅವ್ವ ಏಳಬ್ಯಾಡ ಅಂದಾಳ. ಕಡೀಕ ಒಂದು ವಿಚಾರ ಹೊಳೀತು. ಹೊಸ ಡಿಸ್ಕಿನಾಗ ಏನೈತೋ ಅದರದ ಗುರುತು ತೆಗೆದು ಹೊಸ ಪಟ್ಟಿ ಮಾಡಿದ. ಹಳೇ ಪಟ್ಟಿ ಮ್ಯಾಲೆ ಅದನ್ನ ಬರೆದುಬಿಟ್ಟ. ಆಮ್ಯಾಲೆ ತಾಳೆ ನೋಡಿದ. ಇನ್ನೂರಾ ಹದಿನಾಲ್ಕೂ ಓಕೆ. ಕೆಟ್ಟ ಫೈಲಿಗೆ ಕೆಟ್ಟ ಫೈಲಿನ ಗುರುತು ಹೊಂದದ ಇರ್ತೈತೇನು?

ಎದ್ದ. ಹಳೇ ಡಿಸ್ಕ್ ಒರೆಸಿದ. ಹೋಗಿ ಕೊಟ್ಟು ಬಂದ. ಉಂಡ.

ಸಂಘದವರು ಮೊದಲ ನವಣಿ ತೆನಿನ ಮಗ್ಗಕ್ಕ ಏರಿಸಿದ್ರು. ಯಾಕಂದ್ರ ಅದು ಈರಪ್ಪನ ಕಡೀ ನಕ್ಷೆ. ಹಾಸಿಗಿ ಹಿಡಿದ ಮ್ಯಾಲೆ ಬರೆದದ್ದು. ಅಂವಗ ಕಣ್ಣು ನೆಟ್ಟಗ ಕಾಣ್ತಿರಲಿಲ್ಲ, ನೀಲಗಂಗವ್ವ ಮಗ್ಗಲಕ ಕುಂತು ಚೌಕ ಎಣಿಸಿ ಹೇಳಾಕಿ, ಅಂವ ತುಂಬಾಂವ. ನೋಡಾಕ ಆಕಿನ್ನ ಕರೆದಿದ್ರು, ಜೋಡಿ ನಾನೂ ಗುರುಪಾದನೂ ಹೋಗಿದ್ವಿ. ಮಗ್ಗ ಓಡಿತು. ಬಟ್ಟಿ ಬಂತು. ಅರ್ಧ ತೆನಿ ಬಂತು, ಆಮ್ಯಾಲೆ ಬರೇ ಗೀಟು ಗೀಟು ಗೀಟು. ಅಂಚಿನ್ಯಾಗ ಈರಪ್ಪನ ಹೆಸರು.

ನೀಲಗಂಗವ್ವ ಬಟ್ಟಿ ಮ್ಯಾಲೆ ಬೆರಳಾಡಿಸಿದ್ಲು. "ಇದು ಅವರದಲ್ಲ" ಅಂದ್ಲು.

"ಪಟ್ಟಿ ಎಲ್ಲಾ ಓಕೆ ಐತಲ್ರಿ ಅತ್ತಿ" ಅಂದ್ಲು ಶಮೀಮ. ಅಂದಾಕಿ ಗುರುಪಾದನ ಕಡಿ ತಿರುಗಿದ್ಲು. ಅಂವ ಎಲ್ಲಾ ಹೇಳಿದ, ಏನೂ ಮುಚ್ಚಿಡಲಿಲ್ಲ.

"ಮಗ್ಗದ ಮ್ಯಾಲಿನ ಎಳಿ ಲೆಕ್ಕದ ಚೀಟಿಗೆ ಹೊಂದಲಿಲ್ಲಂದ್ರ ನಾವು ಚೀಟಿ ತಿದ್ದೂದಿಲ್ಲೇನು? ಹಾಸಿದ ನೂಲಿನ ಹಾಸು ಯಾರರ ಕತ್ತರಿಸ್ತಾರೇನು?" ಅಂದ.

ಅದು ಖರೇನೂ ಹೌದು. ನಾವೆಲ್ಲಾ ಹಂಗ ಮಾಡ್ತೀವಿ. ಅದಕ್ಕ ನನಗ ಇನ್ನಷ್ಟು ಸಿಟ್ಟು.

ನೀಲಗಂಗವ್ವ ಅವತ್ತ ಬೈದ ಬೈಗುಳ ನಾ ಹೇಳೂದಿಲ್ಲ, ಸಣ್ಣ ಮಕ್ಕಳು ಕುಂತಾವ. ಬೈದು ಬೈದು ದನಿ ಬಿದ್ದ ಮ್ಯಾಲೆ ಕಡೀ ಮಾತು ಹೇಳಿದ್ಲು. "ಇನ್ನ ಮುಂದ ಜೀವ ಹೋದ್ರೂ ಪಟ್ಟಿ ಮುಟ್ಟಬ್ಯಾಡ. ಪಟ್ಟಿಗೆ ಹೊಂದಲಾರದ ಫೈಲ್ ಕಂಡ್ರ ಒಂದು ಗಳಿಗಿ ಇಟ್ಕೋಬ್ಯಾಡ, ಅಳಿಸಿ ಒಗಿ. ತಿಳೀತಿಲ್ಲೋ?"

"ತಿಳೀತು. ಪಟ್ಟಿ ಮುಟ್ಟೂದಿಲ್ಲ. ಹೊಂದಲಾರದ್ದು ಅಳಿಸ್ತೀನಿ."

ಆ ಪಟ್ಟ್ಯಾಗ ನವಣಿ ತೆನಿಗೆ ಕೆಟ್ಟ ಫೈಲಿನ ಗುರುತು ಇತ್ತು ಅಂಬೂದು ಆ ಸಿಟ್ಟಿನ್ಯಾಗ ಯಾರಿಗೂ ನೆನಪಾಗಲಿಲ್ಲ. ಆಕಿಗೂ ಆಗಲಿಲ್ಲ, ಶಮೀಮಗೂ ಆಗಲಿಲ್ಲ, ನನಗಂತೂ ಮೊದಲ ಇಲ್ಲ.

ಮರುದಿನದಿಂದ ನೀಲಗಂಗವ್ವ ಸಂಘಕ್ಕ ಹೋಗಾಕ ಹತ್ತಿದ್ಲು. ಶಮೀಮನ ಮಗ್ಗಲಕ ಕುರ್ಚಿ ಹಾಕ್ಕೊಂಡು ಕುಂತು, ಕಣ್ಣು ಮುಚ್ಚಿ ಹೇಳಾಕಿ. "ಎರಡು ಬಿಡು, ಮೂರು ತುಂಬು. ಒಂದು ಬಿಡು, ಐದು ತುಂಬು." ಗಂಡಗ ಹೇಳಿದಂಗ ಹೇಳಾಕಿ. ತಪ್ಪಿತು ಅನಿಸಿದ್ರ "ಅಳಿಸವ್ವ, ಆ ಸಾಲು ಮತ್ತ ಹೇಳ್ತೀನಿ" ಅನ್ನಾಕಿ. ಹನ್ನೊಂದು ದಿನ. ಆಕಿ ಮಗ್ಗ ನಿಂತಿತ್ತು, ಅವರ ಮನಿ ರೊಟ್ಟಿ ನಾ ಬಡದು ಕೊಟ್ಟೆ. ಹನ್ನೊಂದನೇ ದಿನ ನಾನೂ ಗುರುಪಾದನೂ ಬುತ್ತಿ ತಗೊಂಡು ಸಂಘಕ್ಕ ಹೋದಾಗ ಪರದೆ ಮ್ಯಾಲೆ ನವಣಿ ತೆನಿ ಪೂರ್ತಿ ನಿಂತಿತು. ತೂಗಿ ಬಾಗಿದ ತೆನಿ, ಕಾಳು ಕಾಳು ಬ್ಯಾರೆ ಕಾಣ್ತಿತ್ತು. ಶಮೀಮ ಅದನ್ನ ನೆಟ್ಟಗ ಹೊಸ ಡಿಸ್ಕಿನಾಗ ಅದ ಹಳೇ ಹೆಸರಿಲೆ ಉಳಿಸಿದ್ಲು, ಬ್ಯಾರೆ ಕಡಿ ಎಲ್ಲೂ ಇಡಲಿಲ್ಲ. ನೀಲಗಂಗವ್ವ ಸೆರಗಿಲೆ ಕಣ್ಣೊರಸಿಕೊಂಡ್ಲು.

"ನಡೀರಿ ಅತ್ತಿ, ಚಾ ಕುಡಿಯೂಣು" ಅಂತ ಶಮೀಮ ಆಕಿನ್ನ ಹೊರಗ ಕರಕೊಂಡು ಬಂದ್ಲು. ನಾವು ಮೂವರೂ ಕಟ್ಟಿ ಮ್ಯಾಲೆ ಕುಂತ್ವಿ. ಅವತ್ತ ಎಷ್ಟೋ ದಿನದ ಮ್ಯಾಲೆ ಆಕಿ ನಕ್ಕಳು.

ಚಾ ಅರ್ಧಾ ಕುಡಿದಿದ್ವಿ. ಗುರುಪಾದ ಒಳಗಿಂದ ಬಂದ. ಮುಖ ಅರಳಿತ್ತು.

"ಅವ್ವಾ, ನಾ ಇದ್ದದ್ದು ಛಲೋ ಆತು. ಡಿಸ್ಕ್ ತಾಳೆ ನೋಡಿದೆ. ಮತ್ತ ಅದ ನವಣಿ ತೆನಿ ಫೇಲ್ಡ್ ಬಂದಿತ್ತು. ಗಳಿಗಿನೂ ಇಟ್ಕೊಳ್ಳಲಿಲ್ಲ, ಅಳಿಸಿ ಒಗೆದೆ."

ಶಮೀಮನ ಕೈಯಾಗಿನ ಕಪ್ಪು ಬಿತ್ತು. ಆಕಿ ಒಳಗ ಓಡಿದ್ಲು, ಹೊಳ್ಳಿ ಬಂದು ಬಾಗಿಲದಾಗ ನಿಂತ್ಲು. ಏನೂ ಉಳಿದಿಲ್ಲ ಅಂಬೂದು ಆಕಿ ಮಾರಿ ಮ್ಯಾಲೆ ಇತ್ತು.

ನೀಲಗಂಗವ್ವ ಎದ್ದು ಕಾಲಾಗಿನ ಚಪ್ಪಲಿ ಕೈಗೆ ತಗೊಂಡ್ಲು. ಎತ್ತಿದ್ಲು. ಎತ್ತಿದ ಕೈ ಎತ್ತಿದಂಗ ನಿಂತಿತು. ಯಾವುದಕ್ಕ ಹೊಡಿಯಾಕಿ ಹೇಳ್ರಿ? ಆಕಿ ಹೇಳಿದ ಒಂದು ಅಕ್ಷರ ಅಂವ ಮೀರಿರಲಿಲ್ಲ.

ಅಂವ ಅವ್ವನ ಕೈ ನೋಡಿದ, ಮಾರಿ ನೋಡಿದ.

"ಪಟ್ಟಿ ಮುಟ್ಟಿಲ್ಲವ್ವ" ಅಂದ. "ನಿನ್ನಾಣಿ ಮುಟ್ಟಿಲ್ಲ."