ಒತ್ತು ಬಿಟ್ಟ ಐಗಳು

ಬಲು ಹಿಂದೆ, ಅಜ್ಜನ ಅಜ್ಜನಿಗೂ ಒಬ್ಬ ಅಜ್ಜನಿದ್ದ ಕಾಲಕ್ಕೆ, ಎರೆಸೀಮೆಯ ಒಂದು ಊರಲ್ಲಿ ಗದಿಗೆಯ್ಯ ಅಂತ ಒಬ್ಬ ಐಗಳು ಇದ್ದರಂತೆ. ಐಗಳು ಅಂದರೆ ಆಗಿನ ಮಾಸ್ತರರು. ಊರ ಹೆಸರು ಹಾಲಗೊಂಡಿ. ಸುತ್ತಲಿನ ಆರು ಊರು, ಹಾಲಗೊಂಡಿ ಒಂದು, ಒಟ್ಟು ಏಳೂರು ಕೂಡಿ ಏಳು ಮಠ ನಡೆಸುತ್ತಿದ್ದವಂತೆ. ಮಠ ಅಂದರೆ ಶಾಲೆ. ಯಾವ ಮಠಕ್ಕೆ ಯಾರು ಐಗಳು ಅನ್ನುವುದನ್ನು ಏಳೂರಿನ ಹಿರಿಯರು ಕೂತು ಗೊತ್ತುಮಾಡುತ್ತಿದ್ದರು.

ವರ್ಷಕ್ಕೊಮ್ಮೆ, ಬನದ ಹುಣ್ಣಿಮೆಯ ಮರುದಿನ, ಏಳೂ ಮಠದ ಮಕ್ಕಳು, ಕಲಿಸುವವರು, ತಾಯಿ ತಂದೆ ಎಲ್ಲ ಹಾಲಗೊಂಡಿಯ ಹುಣಸೆತೋಪಿಗೆ ಬರುತ್ತಿದ್ದರು. ಆ ದಿನಕ್ಕೆ ಶಾಬಾಸ್ಕಿ ಅಂತ ಹೆಸರು. ಚೆನ್ನಾಗಿ ಕಲಿತ ಮಗುವಿಗೆ ಹೊಸ ಹಲಗೆ, ಚೆನ್ನಾಗಿ ಕಲಿಸಿದವರಿಗೆ ಕೆಂಪು ರುಮಾಲು. ಆ ರುಮಾಲು ಹನ್ನೊಂದು ವರ್ಷ ಗದಿಗೆಯ್ಯ ಐಗಳ ತಲೆಗೇ ಬಂತಂತೆ. ಇಪ್ಪತ್ತೊಂದು ಅನ್ನುವವರೂ ಇದ್ದಾರೆ, ಇರಲಿ, ನಾವು ಹನ್ನೊಂದೇ ಅನ್ನೋಣ.

ಐಗಳೇನು ಸುಮ್ಮನೆ ಗಳಿಸಿದವರಲ್ಲ. ಅವರು ಮಗ್ಗಿ ಹೇಳಿಕೊಡಲು ಕೂತರೆ ಮೂರು ಹೊಲದಾಚೆ ಉಳುತ್ತಿದ್ದ ಎತ್ತುಗಳು ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು ಅಂತ ಹೆಜ್ಜೆ ಹಾಕುತ್ತಿದ್ದವಂತೆ. ಒತ್ತಕ್ಷರದಲ್ಲಂತೂ ಅವರು ಯಮ. ಮರಳ ಮೇಲೆ ಬರೆಯುವಾಗ ಮಗು ಒಂದು ಒತ್ತು ಬಿಟ್ಟರೆ ಸಾಕು, ಬೆರಳು ಹಿಡಿದು ನೂರು ಸಲ ತಿದ್ದಿಸುತ್ತಿದ್ದರಂತೆ. ದೊಡ್ಡ ಧ್ವನಿ ಅಂತ ಶಾಬಾಸ್ಕಿಯ ದಿನ ಹೆಸರು ಕೂಗಿ ಹೊಗಳುವ ಕೆಲಸವೂ ಅವರದೇ ಆಗಿತ್ತು. ತಮ್ಮ ಮಠದ ಮಕ್ಕಳನ್ನು ಹೊಗಳುವಾಗ ಅವರ ಧ್ವನಿ ಏಳೂರು ದಾಟುತ್ತಿತ್ತು. ಪಡಸಾಲೆಯಲ್ಲಿ ಹನ್ನೊಂದು ಗೂಟ, ಹನ್ನೊಂದು ರುಮಾಲು. ಮನೆಗೆ ಬಂದವರು ನೀರು ಕುಡಿಯುವ ಮೊದಲು ಅವನ್ನು ನೋಡಿ ಆಹಾ ಅನ್ನಬೇಕಿತ್ತು.

ಏಳೂರಲ್ಲಿ ಎಲ್ಲಕ್ಕಿಂತ ಚಿಕ್ಕದು ಸಣ್ಣಕೇರಿ. ಅಲ್ಲಿಗೆ ಹೋಗಲು ಯಾವ ಐಗಳೂ ಒಪ್ಪಲಿಲ್ಲವಂತೆ. ಹಿರಿಯರು ಹುಡುಕಿ ಹುಡುಕಿ ಸಾಕಾಗಿ, ಅದೇ ಊರಲ್ಲಿ ಕೌದಿ ಹೊಲಿದು ಬದುಕುತ್ತಿದ್ದ ಸಾತವ್ವ ಎಂಬ ಒಂಟಿ ಹೆಂಗಸಿಗೆ ಮಠ ಒಪ್ಪಿಸಿದರು. ಆಕೆಗೆ ಅಕ್ಷರ ಎಲ್ಲಿಂದ ಬಂತು ಅಂದರೆ, ಹುಡುಗಿಯಾಗಿದ್ದಾಗ ಹಾಲಗೊಂಡಿಯ ಮಠದ ಗೋಡೆಯ ಪಕ್ಕ ಕೂತು ಹೊಲಿಯುತ್ತ, ಒಳಗೆ ಕೂಗುವುದನ್ನು ಕೇಳಿ, ಮಕ್ಕಳು ಮನೆಗೆ ಹೋದಮೇಲೆ ಮರಳಲ್ಲಿ ಉಳಿದದ್ದನ್ನು ನೋಡಿ ಕಲಿತಳಂತೆ. ಆ ಗೋಡೆ ಗದಿಗೆಯ್ಯ ಐಗಳ ಮಠದ್ದೇ. ಕದ್ದು ಕಲಿತವಳು ಕದ್ದು ಕಲಿಸುತ್ತಾಳೆ ಅಂತ ಅವರು ಕಂಡವರಿಗೆಲ್ಲ ಹೇಳುತ್ತಿದ್ದರು.

ಸಣ್ಣಕೇರಿಯಲ್ಲಿ ಮರಳಿರಲಿಲ್ಲ, ಬರೀ ಎರೆಮಣ್ಣು. ಮಳೆಗಾಲದಲ್ಲಿ ಅದರಲ್ಲಿ ಬೆರಳಿಟ್ಟರೆ ಅಕ್ಷರ ಮೂಡುವುದಿಲ್ಲ, ಬೆರಳೇ ಹೂತುಹೋಗುತ್ತದೆ. ಸಾತವ್ವ ಏನು ಮಾಡಿದಳು? ಹಳೇ ಬಟ್ಟೆಯ ತುಂಡುಗಳ ಮೇಲೆ ದಪ್ಪ ನೂಲಿನಿಂದ ಒಂದೊಂದೇ ಅಕ್ಷರ ಹೊಲಿದಳು. ಮಕ್ಕಳು ಆ ಹೊಲಿಗೆಯ ಮೇಲೆ ಬೆರಳಾಡಿಸಿ ಕಲಿತರು. ಹನ್ನೆರಡನೆಯ ಶಾಬಾಸ್ಕಿಗೆ ಹೊಸ ಹಲಗೆ ಸಣ್ಣಕೇರಿಯ ಹುಡುಗನೊಬ್ಬನಿಗೆ ಹೋಯಿತು. ಹೆಸರು ಕೂಗಬೇಕಾದವರು ಐಗಳೇ ತಾನೆ. ಮುಂದೆ ಕೂತ ಸಾಲಿಗೂ ಕೇಳದ ಹಾಗೆ ಕೂಗಿದರಂತೆ. ಗಂಟಲು ಕಟ್ಟಿದೆ ಅಂದರು. ಕೌದಿ ಹೊಲಿಯುವವಳ ತಲೆಗೆ ಸುತ್ತಲು ಮನಸ್ಸು ಬಾರದೆ, ರುಮಾಲು ಆ ವರ್ಷ ಯಾರಿಗೂ ಬೇಡ ಅಂತ ಹಿರಿಯರು ಹಾಗೇ ಎತ್ತಿಟ್ಟರು.

ಅಂದಿನಿಂದ ಐಗಳ ಹೊಟ್ಟೆಯಲ್ಲಿ ಉರಿ ಹತ್ತಿತು. ಅದು ಎಂಥಾ ಉರಿ ಅಂದರೆ, ಅವರ ಹೆಂಡತಿ ಗುರಮ್ಮ ತಟ್ಟಿದ ರೊಟ್ಟಿಯನ್ನು ಹಂಚಿನ ಬದಲು ಗಂಡನ ಹೊಟ್ಟೆಯ ಮೇಲೆ ಹಾಕಿದರೂ ಬೇಯುತ್ತಿತ್ತಂತೆ. ತಂಬಿಗೆಗಟ್ಟಲೆ ಮಜ್ಜಿಗೆ ಕುಡಿದರು, ಆರಲಿಲ್ಲ. ಅವರಿಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಹೊಸದಾಗಿ ಹೊಡೆದ ಹನ್ನೆರಡನೆಯ ಗೂಟಕ್ಕೆ ಒಂದು ರುಮಾಲು ಬೇಕಿತ್ತು ಅಷ್ಟೆ. ಅದಕ್ಕೂ ಮಿಗಿಲಾಗಿ ಅದು ಸಾತವ್ವನಿಗೆ ಸಿಗಬಾರದಿತ್ತು.

ಮರುವರ್ಷ ಶಾಬಾಸ್ಕಿ ಹತ್ತಿರ ಬಂದಾಗ ಏಳೂರಲ್ಲಿ ಒಂದೇ ಸುದ್ದಿ. ಸಣ್ಣಕೇರಿಯಲ್ಲಿ ಮಾಯವ್ವ ಅಂತ ಒಂಬತ್ತು ವರ್ಷದ ಹುಡುಗಿ, ಹುಟ್ಟುಕುರುಡಿ, ಓದುತ್ತಾಳಂತೆ. ಕುರುಡಿ ಓದುವುದು ಅಂದರೇನು? ಕೇಳಿದ ಹೆಂಗಸರು ಬಿಂದಿಗೆ ಇಳಿಸಿ ನಿಂತರಂತೆ. ಐಗಳು ಮಾತ್ರ ಅದೆಲ್ಲ ಬಾಯಿಪಾಠ ಅಂದರು. ಸಾತವ್ವ ಹೇಳಿಕೊಟ್ಟದ್ದನ್ನು ಹುಡುಗಿ ಒಪ್ಪಿಸುತ್ತಾಳೆ, ಬೆರಳಾಡಿಸುವುದು ಬರೀ ನಾಟಕ ಅಂತ ಹಿರಿಯರ ಮುಂದೆ ವಾದ ಮಾಡಿದರು. ಹಿರಿಯರಿಗೂ ಅನುಮಾನ ಬಂತು. ಹಾಗಾದರೆ ನೀವೇ ಪರೀಕ್ಷೆ ಮಾಡಿರಿ, ಯಾರಿಗೂ ಗೊತ್ತಿಲ್ಲದ ಒಂದು ಮಾತನ್ನು ಬಟ್ಟೆಯ ಮೇಲೆ ಹೊಲಿಸಿ ತನ್ನಿರಿ, ಹುಡುಗಿ ಓದಿದರೆ ರುಮಾಲು ಸಾತವ್ವನಿಗೆ, ಓದದಿದ್ದರೆ ನಿಮಗೆ ಅಂದರು.

ಯಾರ ಕೈಲಿ ಹೊಲಿಸಿದರೂ ಮಾತು ಹೊರಗೆ ಬೀಳುತ್ತದೆ ಅಂತ ಐಗಳು ತಾವೇ ಹೊಲಿಯಲು ಕೂತರು. ಹೆಂಡತಿಯ ಸೂಜಿ ತೆಗೆದುಕೊಂಡು, ಹಾಡಹಗಲೇ ಕೋಣೆಯ ಅಗಳಿ ಹಾಕಿಕೊಂಡರಂತೆ. ಬಿಳಿಯ ಧೋತರದ ತುಂಡು, ಬಿಳಿಯ ನೂಲು. ಕಣ್ಣಿದ್ದವರು ಎಷ್ಟು ಹಿಗ್ಗಿಸಿ ನೋಡಿದರೂ ಕಾಣಬಾರದು, ಪಕ್ಕದಲ್ಲಿ ನಿಂತು ಯಾರೂ ಹೇಳಿಕೊಡಬಾರದು. ಶಿವನ ಹೆಸರು ಹೊಲಿಯೋಣವೆಂದರೆ ಹುಡುಗಿ ಊಹೆಯಿಂದಲೇ ಹೇಳಿಬಿಟ್ಟಾಳು. ಏನು ಹೊಲಿಯಲಿ ಅಂತ ಯೋಚಿಸುತ್ತ ಕೂತವರ ಕೈ, ಹೊಟ್ಟೆಯಲ್ಲಿದ್ದದ್ದನ್ನೇ ಹೊಲಿಯತೊಡಗಿತು. ಸಾತವ್ವಗೆ ಅಕ್ಷರ ಬಾರದು ಅಂತ. ಹೇಗೂ ಯಾರೂ ಓದುವುದಿಲ್ಲವಲ್ಲ ಅಂತ ಧೈರ್ಯ.

ಸಾತವ್ವಗೆ ಅನ್ನುವುದು ಆಗಿ, ಅ ಮುಗಿದು ಕ ಹೊಲಿಯುತ್ತಿದ್ದಾಗ, ಹಿತ್ತಲ ಗೋಡೆಯ ಮೇಲಿಂದ ಗುರಮ್ಮ ಪಕ್ಕದ ಮನೆಯವಳ ಜೊತೆ ಮಾತಾಡುವುದು ಕೇಳಿಸಿತು. ಏನೇ ಅನ್ನು ತಂಗಿ, ಸಾತವ್ವನ ಕೈಯಲ್ಲಿ ಏನೋ ಇದೆ, ನಮ್ಮ ಮನೆಯವರಿಗೂ ಅಷ್ಟು ಬರುವುದಿಲ್ಲ ಅನ್ನುತ್ತಿದ್ದಳು. ಸೂಜಿ ಐಗಳ ಬೆರಳಿಗೆ ಚುಚ್ಚಿತು. ಬೆರಳು ಚೀಪುತ್ತ, ಹೆಂಡತಿಯನ್ನು ಬೈದುಕೊಳ್ಳುತ್ತ, ಮುಂದಿನ ಅಕ್ಷರಕ್ಕೆ ಹೋದರು.

ಶಾಬಾಸ್ಕಿ ಬಂತು. ಅಷ್ಟು ಜನ ಹುಣಸೆತೋಪಿನಲ್ಲಿ ಅದಕ್ಕೂ ಮೊದಲು ಸೇರಿರಲಿಲ್ಲ, ಆಮೇಲೂ ಸೇರಲಿಲ್ಲವಂತೆ. ಐಗಳು ಓದಿಸಿರಿ ನೋಡೋಣ ಅಂತ ಮಡಚಿದ ಬಟ್ಟೆಯನ್ನು ಹಿರಿಯರ ಕೈಗೆ ಕೊಟ್ಟರು. ಹಿರಿಯರು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರು, ಏನೂ ಕಾಣಲಿಲ್ಲ. ಸಾತವ್ವನನ್ನು ದೂರ ನಿಲ್ಲಿಸಿ ಬಟ್ಟೆಯನ್ನು ಮಾಯವ್ವನ ಮಡಿಲಲ್ಲಿ ಹರವಿದರು. ಹುಡುಗಿ ಎರಡು ಬೆರಳು ಇಟ್ಟಳು. ಬೆರಳು ಮೆಲ್ಲಗೆ ಸರಿಯಿತು, ಹಿಂದಕ್ಕೆ ಬಂತು, ಮತ್ತೆ ಸರಿಯಿತು. ಆಮೇಲೆ ಮಠದಲ್ಲಿ ಪಾಠ ಓದುವ ಹಾಗೆಯೇ ಗಟ್ಟಿಯಾಗಿ ಓದಿದಳಂತೆ.

"ಸಾತವ್ವಗೆ ಅಕರ ಬಾರದು."

ಓದಿದವಳೇ ತಲೆ ಎತ್ತಿ, ಕಾಣದ ಕಣ್ಣನ್ನು ಐಗಳ ಧ್ವನಿ ಬಂದಿದ್ದ ದಿಕ್ಕಿಗೆ ತಿರುಗಿಸಿ ಕೇಳಿದಳು. "ಅಕರ ಅಂದ್ರೇನ್ರಿ, ಐಗಳ?"

ತೋಪಿನಲ್ಲಿ ಗುಸುಗುಸು ಎದ್ದಿತು. ಇದೆಂಥ ಮಾತು, ಐಗಳಂಥವರು ಇದನ್ನು ಹೊಲಿದಾರೆಯೇ ಅಂದರು ಕೆಲವರು. ಅಕರ ಅನ್ನುವ ಮಾತೇ ಇಲ್ಲ, ಹುಡುಗಿ ಬಾಯಿಗೆ ಬಂದದ್ದು ಒದರಿದಳು ಅಂದರು ಇನ್ನು ಕೆಲವರು. ಹಿರಿಯರು ಐಗಳ ಕಡೆ ತಿರುಗಿ, ಹುಡುಗಿ ಓದಿದ್ದು ಸರಿಯೋ ತಪ್ಪೋ, ನಿಮ್ಮ ಮಾತೇ ಕಡೆ ಮಾತು ಅಂದರು.

ನೋಡ್ರಪ್ಪ, ಗದಿಗೆಯ್ಯ ಐಗಳಿಗೆ ಎಂಥ ಅವಕಾಶ. ಬಿಳಿಯ ಮೇಲೆ ಬಿಳಿ, ಯಾರಿಗೂ ಕಾಣುವುದಿಲ್ಲ. ಸಾತವ್ವ ಮುಟ್ಟಿ ಹೇಳಿದರೂ ತನ್ನ ಶಿಷ್ಯೆಯ ಪರ ಹೇಳಿದಳು ಅನ್ನಬಹುದು. ತಪ್ಪು ಅಂದರೆ ಸಾಕಿತ್ತು, ರುಮಾಲೂ ಬರುತ್ತಿತ್ತು, ಮಾನವೂ ಉಳಿಯುತ್ತಿತ್ತು. ತಪ್ಪು ಅನ್ನುವ ಮಾತು ಅವರ ನಾಲಿಗೆಯ ತುದಿಗೆ ಬಂದಿತ್ತಂತೆ. ಆದರೆ ಅಕರ ಅಂದಳಲ್ಲ ಹುಡುಗಿ, ಅದು ಮುಳ್ಳಿನ ಹಾಗೆ ಚುಚ್ಚಿತು. ಎದ್ದು ಹೋಗಿ ಬಟ್ಟೆಯ ಮೇಲೆ ತಮ್ಮ ಬೆರಳನ್ನೇ ಆಡಿಸಿದರು. ಅ ಇತ್ತು, ಕ ಇತ್ತು, ಅದರ ಕೆಳಗೆ ಬೆರಳಿಗೆ ಏನೂ ತಾಕಲಿಲ್ಲ. ನೂರಾರು ಮಕ್ಕಳ ಬೆರಳು ಹಿಡಿದು ಒತ್ತು ತಿದ್ದಿಸಿದವರು ಅಕ್ಷರ ಅನ್ನುವ ಮಾತಿಗೇ ಒತ್ತು ಬಿಟ್ಟಿದ್ದರು.

ಐಗಳು ಬಟ್ಟೆ ಹಿಡಿದು ಅಲ್ಲೇ ಕೂತರಂತೆ. ಹುಡುಗಿ ಬಾಯಿಪಾಠ ಒಪ್ಪಿಸಿದ್ದರೆ, ಊಹೆಯಿಂದ ಹೇಳಿದ್ದರೆ, ಅಕ್ಷರ ಅಂತಲೇ ಅನ್ನುತ್ತಿದ್ದಳು. ಕಣ್ಣಿದ್ದವರು ಕೂಡ ಹಾಗೇ ಓದಿಕೊಂಡು ಹೋಗುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ, ಇಲ್ಲದ್ದನ್ನು ಇಲ್ಲ ಅಂತ ಓದುವ ಮಗು ಅವರ ಮಠದಲ್ಲಿ ಇಷ್ಟು ವರ್ಷದಲ್ಲಿ ಒಂದೂ ಬಂದಿರಲಿಲ್ಲ. ಹೊಟ್ಟೆಯ ಉರಿ ಎದೆಗೇರಿತು, ಎದೆಯಿಂದ ಕಣ್ಣಿಗೇರಿತು. ಹಿರಿಯರು ಮತ್ತೆ ಕೇಳಿದರು. ಐಗಳು ಎದ್ದು ನಿಂತು ಮಾತಾಡಿದಾಗ ಅವರ ಹಳೇ ಧ್ವನಿ ತಿರುಗಿ ಬಂದಿತ್ತು, ಏಳೂರಿಗೂ ಕೇಳಿಸಿತಂತೆ.

"ಹುಡುಗಿ ಓದಿದ್ದು ಖರೆ. ತಪ್ಪು ಹೊಲ್ದಾಂವ ನಾನು. ಸಾತವ್ವನ ಮ್ಯಾಲಿನ ಹೊಟ್ಟಿಕಿಚ್ಚಿಗೆ ಹೊಲ್ದೇನಿ. ಈಗೂ ಉರಿಯಾಕತ್ತೈತಿ. ಇಂಥಾ ಮಗಳು ನನ್ನ ಮಠದಾಗ ಯಾಕ ಹುಟ್ಟಲಿಲ್ಲ, ಇಂಥಾ ಬುದ್ಧಿ ನನ್ನ ತಲಿಗೆ ಯಾಕ ಹೊಳಿಲಿಲ್ಲ ಅಂತ ಸುಟ್ಟು ಬೂದಿ ಆಗಾಕತ್ತೇನಿ. ರುಮಾಲು ಆಕಿಗೆ ಸುತ್ರಿ."

ಹಿರಿಯರು ರುಮಾಲು ಎತ್ತಿಕೊಂಡು ಸಾತವ್ವನ ಕಡೆ ಹೊರಟರು. ಸಾತವ್ವ ಮಾತ್ರ ತಲೆ ಬಾಗಿಸಲಿಲ್ಲವಂತೆ. ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು.

"ಇಷ್ಟು ದಿನ ಎಲ್ಲಾರೂ ಶಾಬಾಸ್ ಸಾತವ್ವ ಅಂದ್ರು. ಹೊಲಿಯಾಕಿ ಪಾಪ ಏನೋ ಮಾಡ್ಯಾಳ ಅಂತ ಅಂದ್ರು. ನನ್ನ ತನ್ನ ಸರಿಜೋಡಿ ಅಂತ ತಿಳದಾಂವ ಈ ಐಗಳು ಒಬ್ಬನ. ರುಮಾಲು ಹಿರಿಯರು ಸುತ್ತೂದು ಬ್ಯಾಡ, ಅವನ ಸುತ್ತಲಿ."

ಐಗಳು ಸುತ್ತಿದರು. ರುಮಾಲು ಸೊಟ್ಟಗಾಯಿತು. ಸರಿಮಾಡಲಿಲ್ಲ, ಬೇಕೆಂದೇ ಹಾಗೆ ಬಿಟ್ಟರು ಅನ್ನುತ್ತಾರೆ ಕೆಲವರು.

ಆಮೇಲೆ ಐಗಳು ಒಳ್ಳೆಯವರಾದರು, ಹೊಟ್ಟೆಯ ಉರಿ ತಣ್ಣಗಾಯಿತು ಅಂತ ತಿಳಿಯಬೇಡಿರಿ. ಸಾಯುವವರೆಗೂ ಉರಿಯುತ್ತಲೇ ಇತ್ತಂತೆ. ಮಾಯವ್ವ ದೊಡ್ಡವಳಾಗಿ ತಾನೇ ಮಠ ಹಿಡಿದಾಗ ಎರಡು ದಿನ ಊಟ ಬಿಟ್ಟರಂತೆ. ಆದರೆ ವಾರಕ್ಕೊಮ್ಮೆ ಸಣ್ಣಕೇರಿಗೆ ನಡೆದುಹೋಗಿ, ಸಾತವ್ವನ ಮಠದ ಗೋಡೆಯ ಹೊರಗೆ ಕೂತು, ಒಳಗೆ ಏನು ನಡೆಯುತ್ತದೆ ಅಂತ ಕಿವಿಗೊಟ್ಟು ಕೇಳುತ್ತಿದ್ದರಂತೆ. ಕೇಳಿಕೊಂಡು ಬಂದದ್ದನ್ನು ಮರುದಿನ ಹಾಲಗೊಂಡಿಯ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಒಳಗೆ ಕೂಡ್ರಿ ಅಂತ ಸಾತವ್ವ ಎಷ್ಟು ಕರೆದರೂ ಒಳಗೆ ಹೋಗಲಿಲ್ಲ.

ಇವತ್ತಿಗೂ ಆ ಏಳೂರಲ್ಲಿ ಬನದ ಹುಣ್ಣಿಮೆಯ ಮರುದಿನ ಶಾಬಾಸ್ಕಿ ನಡೆಯುತ್ತದೆ. ಮಠಗಳು ಹೋಗಿ ಸರ್ಕಾರಿ ಶಾಲೆಗಳು ಬಂದಿವೆ, ಐಗಳು ಹೋಗಿ ಸರ್, ಮೇಡಂ ಬಂದಿದ್ದಾರೆ, ಹಲಗೆಯ ಬದಲು ಪುಸ್ತಕ ಕೊಡುತ್ತಾರೆ. ಕೆಂಪು ರುಮಾಲು ಮಾತ್ರ ಹಾಗೇ ಇದೆ. ಅಲ್ಲಿ ಹೊಗಳುವ ಕೆಲಸವನ್ನು ಹಿರಿಯರಿಗೆ ಕೊಡುವುದಿಲ್ಲ, ಬೇರೆ ಊರಿನ ದೊಡ್ಡವರನ್ನು ಕರೆಸುವುದೂ ಇಲ್ಲ. ಗೆದ್ದವರ ಹೆಸರು ಹೇಳಿ, ಯಾರ ಹೊಟ್ಟೆ ಉರಿಯಿತು, ಎದ್ದು ಬರ್ರಿ ಅನ್ನುತ್ತಾರೆ. ಎರಡನೆಯ ಸ್ಥಾನಕ್ಕೆ ಬಂದ ಹುಡುಗಿಯೋ, ಪಕ್ಕದ ಶಾಲೆಯ ಮಾಸ್ತರರೋ ಎದ್ದು ಬಂದು, ನನ್ನ ಹೊಟ್ಟೆ ಉರಿಯಿತು, ಯಾಕೆಂದರೆ ಇವರು ಹೀಗೆ ಹೀಗೆ ಮಾಡಿದರು ಅಂತ ಎಲ್ಲವನ್ನೂ ಬಿಡಿಸಿ ಹೇಳಿ, ತಮ್ಮ ಕೈಯಾರೆ ರುಮಾಲು ಸುತ್ತಬೇಕು. ಯಾರೂ ಏಳದಿದ್ದರೆ ಆ ವರ್ಷ ರುಮಾಲು ಪೆಟ್ಟಿಗೆಗೆ ವಾಪಸು ಹೋಗುತ್ತದೆ.

ಅದಕ್ಕೇ ಆ ಊರುಗಳ ತಾಯಂದಿರು, ಬಹುಮಾನ ಹಿಡಿದು ಮನೆಗೆ ಓಡಿಬಂದ ಮಗುವನ್ನು ಏನು ಕೊಟ್ಟರು ಅಂತ ಕೇಳುವುದಿಲ್ಲ. ಯಾರು ಎದ್ದರು ಅಂತ ಕೇಳುತ್ತಾರೆ.