ಹುಳಿಗೆ ಹೆದರಿದ ಮರಿ

ಮೊಸರಿನ ಗಡಿಗೆಯಲ್ಲಿ ಹುಟ್ಟಿದ ಮರಿ ಸೂಕ್ಷ್ಮಾಣುವಿಗೆ ಹೊತ್ತುಹೊತ್ತಿಗೂ ಅದೇ ದೂರು. "ಅಜ್ಜಿ, ಈ ಹುಳಿಗೆ ಮೈಯೆಲ್ಲ ಉರಿಯುತ್ತೆ. ನನ್ನನ್ನು ಸಿಹಿ ಹಾಲಿಗೆ ಕಳಿಸಿಬಿಡು."

"ಹುಳಿ ಮಾಡಿದವರು ನಾವೇ," ಅಂದಳು ಅಜ್ಜಿ. "ಮೈಯ ಗೋಡೆ ಬಿಗಿ ಮಾಡಿಕೋ. ಒಳಗೆ ನುಗ್ಗಿದ ಹುಳಿಯನ್ನು ಮೊಗೆದು ಹೊರಗೆ ಚೆಲ್ಲು."

ಮರಿ ಗೊಣಗುತ್ತಲೇ ಕಲಿಯಿತು.

ಒಂದು ಮಧ್ಯಾಹ್ನ ಮನೆಯಾಕೆ ಆ ಮೊಸರನ್ನು ಅನ್ನಕ್ಕೆ ಕಲಸಿ ಉಂಡಳು. ಹೊಟ್ಟೆಯ ಹುಳಿಯ ಮುಂದೆ ಗಡಿಗೆಯ ಹುಳಿ ಏನೇನೂ ಅಲ್ಲ. ಜೊತೆಗೆ ಬಂದವರಲ್ಲಿ ಎಷ್ಟೋ ಮಂದಿ ಅಲ್ಲೇ ಕರಗಿಹೋದರು. ಮರಿ ಮಾತ್ರ ಗೋಡೆ ಬಿಗಿದು, ಮೊಗೆದು ಮೊಗೆದು ಚೆಲ್ಲುತ್ತ, ಅಜ್ಜಿಯ ಹಿಂದೆಯೇ ಕರುಳು ಸೇರಿತು.

"ಇಲ್ಲಿ ಅಂಥ ಹುಳಿ ಇಲ್ಲ. ಇನ್ನು ಹಾಯಾಗಿರು," ಅಂದಳು ಅಜ್ಜಿ.

ಮರಿ ಸುತ್ತಲೂ ನೋಡಿತು. "ಯಾಕೋ ಸಪ್ಪೆ ಅನಿಸುತ್ತೆ, ಅಜ್ಜಿ," ಎಂದು ಹುಳಿ ಮಾಡಲು ಕುಳಿತಿತು.