ಚಿಗಳಿ ಮೀನಿನ ಮನೆಗೆ ಬಂದ ಬಿಳಿ ನೆಂಟರು

ಪ್ರಪಂಚ ಆಗಿನ್ನೂ ಹೊಚ್ಚ ಹೊಸದು. ಎಷ್ಟು ಹೊಸದು ಅಂದ್ರೆ, ಬೆಟ್ಟಕ್ಕೆ ಬಳಿದ ಹಸಿರು ಇನ್ನೂ ಒಣಗಿರ್ಲಿಲ್ಲ, ಒರಗಿ ಕೂತ್ರೆ ಬೆನ್ನಿಗೆ ಮೆತ್ಕೊಳ್ತಿತ್ತು. ಯಾವ ಕಡೆ ಹರೀಬೇಕು ಅಂತ ನದಿಗಳಿಗೇ ಗೊತ್ತಿರ್ಲಿಲ್ಲ, ಸಿಕ್ಕಿದೋರನ್ನೆಲ್ಲ ದಾರಿ ಕೇಳ್ಕೊಂಡು ಓಡಾಡ್ತಿದ್ವು. ಯಾರಿಗೂ ಏನೂ ಸರಿಯಾಗಿ ಗೊತ್ತಿರ್ಲಿಲ್ಲ. ಆದ್ರೂ ಎಲ್ಲ ಗೊತ್ತಿರೋರ ಥರಾನೇ ಮಾತಾಡ್ತಿದ್ರು. ಅದೊಂದು ಮಾತ್ರ ಇವತ್ತಿಗೂ ಬದಲಾಗಿಲ್ಲ ಬಿಡು.

ಆ ಕಾಲದಲ್ಲಿ ಒಂದು ಕೊಳ. ಕೊಳದಲ್ಲಿ ಚಿಗಳಿ ಅಂತ ಒಂದು ಗೆಂಡೆ ಮೀನು. ಅವಳಿಗೆ ಒಬ್ಬಳೇ ಮಗಳು, ಹೆಸರು ಸಾಸಿವೆ. ಇದ್ದಿದ್ದೂ ಸಾಸಿವೆಯಷ್ಟೇ, ಸಿಡಿಯೋದೂ ಸಾಸಿವೆ ಥರಾನೇ.

ಕೊಳದ ತಳ ಗುಡಿಸೋ ಕೆಲಸ ಬಸವನಹುಳದಜ್ಜಿದು. ಅಜ್ಜಿಗೆ ಬೇರೆ ಪೊರಕೆ ಯಾಕೆ, ಹೊಟ್ಟೇನೇ ಪೊರಕೆ. ದಿನಾ ಬೆಳಗ್ಗೆ ಶುರು ಮಾಡಿದ್ರೆ ಸಂಜೆ ಹೊತ್ತಿಗೆ ಕಸ ಎಲ್ಲ ಕೋಡಿ ದಾಟಿ ಆಚೆ ಬಂಡೆ ಮೇಲೆ ಬಿದ್ದಿರೋದು.

ಒಂದು ಬೆಳಗ್ಗೆ ಆಕಾಶದಿಂದ ಬಿಳೀ ಪುಡಿ ಉದುರ್ತು. ಮೇಲೆ ಯಾರೋ ನಕ್ಷತ್ರ ಉಜ್ಜಿ ನುಣ್ಣಗೆ ಮಾಡ್ತಿದ್ರಂತೆ. ಕೆಳಗೆ ಯಾರಿದ್ದಾರೆ ಅಂತಾನೂ ನೋಡ್ದೆ ಪುಡೀನ ಕೊಡವಿಬಿಟ್ರು. ಒಂದೊಂದು ಕಾಳೂ ಸಣ್ಣ ರವೆಯಷ್ಟು.

"ಅಮ್ಮಾ, ನಮಗೆ ಮನೆ ಇಲ್ಲ," ಅಂದ್ವು ಕಾಳುಗಳು. "ನಾಲ್ಕು ದಿನ ಇದ್ದು ಹೋಗ್ತೀವಿ."

ಬಾಗಿಲಿಗೆ ಬಂದ ನೆಂಟರನ್ನ ಬೇಡ ಅನ್ನೋದುಂಟಾ? "ಅದಕ್ಕೇನಂತೆ, ಇರಿ," ಅಂದ್ಳು ಚಿಗಳಿ.

ಇರಿ ಅಂದಿದ್ದೇನೋ ಸರಿ. ಆದ್ರೆ ಮೀನಿಗೆ ಮನೆ ಎಲ್ಲಿದೆ? ಮೈಯೇ ಮನೆ. ನೆಂಟರು ತಾಯಿ ಮಗಳ ಚರ್ಮದ ಅಡಿ ನುಗ್ಗಿ, ಅದನ್ನೇ ಕಂಬಳಿ ಥರ ಹೊದ್ಕೊಂಡು ಮಲಗಿಬಿಟ್ರು.

ಮೈ ತುಂಬ ಬಿಳೀ ಚುಕ್ಕೆ. ಸಾಸಿವೆಗೆ ಮೊದಮೊದಲು ಖುಷಿಯೋ ಖುಷಿ. "ಅಮ್ಮಾ ನೋಡಿಲ್ಲಿ, ನಾನು ಆಕಾಶ!"

ಮಧ್ಯಾಹ್ನಕ್ಕೆ ಆಕಾಶ ಕೆರ್ಕೊಳ್ಳೋಕೆ ಶುರು ಮಾಡ್ತು. ಕಲ್ಲಿಗೆ ಉಜ್ತು, ಬೇರಿಗೆ ಉಜ್ತು, ಅಜ್ಜಿ ಚಿಪ್ಪಿಗೂ ಉಜ್ತು. ಮಾರನೇ ದಿನ ನೆಂಟರು ಸಾಸಿವೆ ಕಿವಿರಿನೊಳಗೂ ಹಾಸಿಗೆ ಹಾಸಿದ್ರು. ಮಗು ಉಸಿರಿಗೆ ಬಾಯಿ ಬಾಯಿ ಬಿಡ್ತು.

ಚಿಗಳಿ ಏಡಿ ಪಂಡಿತರ ಹತ್ರ ಓಡಿದ್ಳು. ಅವರು ಅಡ್ಡಡ್ಡ ನಡ್ಕೊಂಡು ಬಂದ್ರು. ಬರ್ತಿದ್ದಾರೋ ಹೋಗ್ತಿದ್ದಾರೋ ಅಂತ ತಿಳಿಯೋ ಹೊತ್ತಿಗೆ ಬಂದಿದ್ರು.

"ಉಪ್ಪು," ಅಂದ್ರು ಪಂಡಿತರು, ಮಗೂನ ನೋಡೋಕೂ ಮುಂಚೆ.

"ಯಾಕೆ ಪಂಡಿತ್ರೇ?"

"ಯಾಕೆ ಅಂದ್ರೆ ನನಗೆ ಗೊತ್ತಿರೋದು ಅದೊಂದೇ ಔಷಧಿ, ಅದಕ್ಕೆ."

ಆಚೆ ಸವಳು ನೆಲದಿಂದ ಪಂಡಿತರು ಕೊಂಡಿ ತುಂಬ ಉಪ್ಪು ತಂದು ನೀರಿಗೆ ಹಾಕಿದ್ರು. ಒಂದು ದಿನ ಹಾಕಿದ್ರು, ಎರಡು ದಿನ ಹಾಕಿದ್ರು. ನೆಂಟರು ಕಂಬಳಿ ಒಳಗೆ ಗೊರಕೆ ಹೊಡೀತಾನೇ ಇದ್ರು. ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು.

ಆಮೇಲೆ, ನಾಲ್ಕನೇ ದಿನ ಬೆಳಗ್ಗೆ, ಚುಕ್ಕೆಗಳೆಲ್ಲ ಉದುರಿಹೋದ್ವು! ಒಂದೂ ಇಲ್ಲ.

"ಹೋದ್ರಮ್ಮಾ!" ಅಂತ ಸಾಸಿವೆ ಸಿಡಿದ್ಳು.

"ನೋಡಿದ್ಯಾ ನನ್ನ ಕೈಗುಣ?" ಅಂತ ಪಂಡಿತರು ಉಪ್ಪು ನಿಲ್ಲಿಸಿ ಮನೆಗೆ ಹೋದ್ರು.

ಅಜ್ಜಿ ಮಾತ್ರ ಗುಡಿಸೋದು ಬಿಟ್ಟು ಚಿಪ್ಪಿನೊಳಗೆ ಕೂತ್ಬಿಟ್ಳು. "ನೆಂಟರು ಹೊರಟ ಕೂಡ್ಲೇ ಕಸ ಗುಡಿಸಬಾರದು ಕಣೇ. ಅವರು ಅವರೂರು ಸೇರೋವರೆಗೂ ಪೊರಕೆ ಮುಟ್ಟಂಗಿಲ್ಲ. ಇವರೂರು ಆಕಾಶ. ಏನಿಲ್ಲ ಅಂದ್ರೂ ನಾಲ್ಕು ದಿನದ ದಾರಿ."

ಲೆಕ್ಕ ಸರಿಯಾಗೇ ಇತ್ತು. ಚಿಗಳಿ ತಲೆಯಾಡಿಸಿದ್ಳು.

ನಾಲ್ಕು ದಿನ ಆಗೋಕೂ ಮುಂಚೆ ನೆಂಟರು ವಾಪಸ್ಸು. ಒಬ್ಬರಿದ್ದ ಕಡೆ ಹತ್ತು ಜನ.

ಚಿಗಳಿಗೆ ತಲೆಬುಡ ಗೊತ್ತಾಗ್ಲಿಲ್ಲ. ಇವರು ಅವರೇನಾ? ಅವರ ಅಣ್ಣತಮ್ಮಂದಿರಾ? ಹೋದೋರು ಯಾಕೆ ಹೋದ್ರು, ಬಂದೋರು ಯಾವ ದಾರೀಲಿ ಬಂದ್ರು? ಆಕಾಶ ನೋಡಿದ್ಳು. ಆಕಾಶದಿಂದ ಏನೂ ಬಿದ್ದಿರ್ಲಿಲ್ಲ.

ಮತ್ತೆ ಏಡಿ ಪಂಡಿತರು, ಮತ್ತೆ ಉಪ್ಪು. ಮತ್ತೆ ನೆಂಟರ ಗೊರಕೆ. ಮತ್ತೆ ಒಂದು ಬೆಳಗ್ಗೆ ಎಲ್ಲ ಮಾಯ. ಪಂಡಿತರು ಉಪ್ಪು ನಿಲ್ಲಿಸಿದ್ರು, ಅಜ್ಜಿ ಪೊರಕೆ ನಿಲ್ಲಿಸಿದ್ಳು. ಮತ್ತೆ ನೆಂಟರು, ಈ ಸಲ ಒಬ್ಬರಿದ್ದ ಕಡೆ ನೂರು ಜನ.

ಸಾಸಿವೆ ಈಗ ಸಿಡೀತಿರ್ಲಿಲ್ಲ. ನೀರಿನ ಮೇಲ್ಗಡೆ ಒಂದು ಎಲೆಗೆ ಒರಗಿ ಬಾಯಿ ತೆರ್ಕೊಂಡಿದ್ಳು. "ಅಮ್ಮಾ, ಇವರಿಗೆ ಹೋಗಿ ಅಂತ ಹೇಳು," ಅಂದ್ಳು, ಅರ್ಧ ಉಸಿರಲ್ಲಿ.

ಈ ಮಗು ಇನ್ನೊಂದು ಸಲ ತಡ್ಕೊಳ್ಳಲ್ಲ ಅಂತ ಚಿಗಳಿಗೆ ಗೊತ್ತಾಯ್ತು. ಅಷ್ಟೂ ಗೊಂದಲದಲ್ಲಿ ಅದೊಂದೇ ಅವಳಿಗೆ ಸ್ಪಷ್ಟವಾಗಿ ಗೊತ್ತಾಗಿದ್ದು.

ಮೂರನೇ ಸಲ ಚುಕ್ಕೆ ಉದುರೋ ಹೊತ್ತಿಗೆ ಅವಳು ಕುಣೀಲಿಲ್ಲ. ಉದುರಿದ ಒಂದು ಕಾಳಿನ ಹಿಂದೇನೇ ಹೋದ್ಳು. ಅದು ಆಕಾಶದ ಕಡೆ ಹೋಗ್ಲೇ ಇಲ್ಲ! ನೇರ ತಳಕ್ಕೆ ಹೋಯ್ತು, ಕಲ್ಲಿನ ಸಂದೀಲಿ ಉಂಡೆಯಾಗಿ ಮುದುರ್ಕೊಂಡು, ಲೋಳೆ ಹೊದ್ಕೊಂಡು ಮಲಗ್ತು. ಅಂಥ ಉಂಡೆಗಳು ಕೊಳದ ತಳದ ತುಂಬ. ಅಜ್ಜಿ ಈ ಸಲಾನೂ ಪೊರಕೆ ನಿಲ್ಲಿಸಿದ್ಳಲ್ಲ, ಕಸ ಹಂಗಂಗೇ ಬಿದ್ದು ಮಲಗೋಕೆ ಮೆತ್ತಗಿತ್ತು.

"ಏನ್ ನೋಡ್ತಿದ್ದೀಯಾ ಚಿಗಳಿ?" ಅಂದ ಸೂರ್ಯ, ಅದೇ ನಮ್ಮ ಸೂರಪ್ಪ, ಮೇಲಿಂದ.

"ಹೋದ ನೆಂಟರು ಮಲಗಿರೋದನ್ನ ನೋಡ್ತಿದ್ದೀನಿ."

"ಹೋದೋರು ಮಲಗೋದು ಹೆಂಗೆ?"

"ಅದೇ ನನಗೂ ಅರ್ಥ ಆಗ್ತಿಲ್ಲ, ಸೂರಪ್ಪ."

ಸೂರಪ್ಪನಿಗೂ ಅರ್ಥ ಆಗ್ಲಿಲ್ಲ. ನೋಡೋಣ ಅಂತ ಕೊಳದ ಮೇಲೆ ಮೂಗು ಇಳಿಸ್ದ. ನೀರು ಬೆಚ್ಚಗಾಯ್ತು. ಉಂಡೆಗೆ ಸೆಕೆ. ಆ ಕಡೆ ಹೊರಳ್ತು, ಈ ಕಡೆ ಹೊರಳ್ತು, ಪಟ್ ಅಂತ ಒಡೀತು. ಒಳಗಿಂದ ಒಂದಲ್ಲ ಎರಡಲ್ಲ, ನೂರಾರು ಮರಿ ಕಾಳುಗಳು! ಮೈ ಮೇಲೆ ನೂಲಿನ ಎಳೆ ಇಲ್ಲ, ಬರೀ ಬೆತ್ತಲೆ. "ಮೀನೆಲ್ಲಿ? ಮೀನೆಲ್ಲಿ?" ಅಂತ ಕಂಡಕಂಡ ಕಡೆ ಓಡ್ತಿವೆ.

ಅಷ್ಟೊತ್ತಿಗೆ ಪಂಡಿತರು ಮನೆಗೆ ಹೊರಟು ಆ ದಾರೀಲಿ ಅಡ್ಡ ಬಂದ್ರು. ಕೊಂಡಿಗೆ ಅಂಟಿದ್ದ ಉಪ್ಪು ಉದುರ್ತು. ಎಲ್ಲಿ ಉದುರ್ತೋ ಅಲ್ಲಿದ್ದ ಮರಿಗಳು ಸದ್ದಡಗಿ ಬಿದ್ವು.

ಚಿಗಳಿ ನೋಡಿದ್ಳು. ಮೈ ಒಳಗಿರೋವಾಗ ಕಂಬಳಿ. ತಳದಲ್ಲಿ ಮಲಗಿರೋವಾಗ ಲೋಳೆ. ಈ ಎರಡರ ನಡುವೆ, ಬೆತ್ತಲೆ ಓಡೋವಾಗ ಮಾತ್ರ ಉಪ್ಪು ತಾಗುತ್ತೆ. ಆ ಹೊತ್ತಿಗೆ ಸರಿಯಾಗಿ ನಾವು "ಹೋದ್ರು" ಅಂತ ಉಪ್ಪು ನಿಲ್ಲಿಸ್ತಿದ್ವಿ!

"ಪಂಡಿತ್ರೇ, ಮನೆಗೆ ಹೋಗ್ಬೇಡಿ. ಉಪ್ಪು ಹಾಕಿ."

"ಚುಕ್ಕೆ ಎಲ್ಲಿದೆ? ಇಲ್ಲದ ಕಾಯಿಲೆಗೆ ಔಷಧೀನಾ? ನಾಳೆ ನಾಲ್ಕು ಜನ ನನ್ನನ್ನ ಏನಂತಾರೆ?"

"ನನಗೆ ತಲೆ ಕೆಟ್ಟಿದೆ ಅಂತ ಹೇಳಿ. ಉಪ್ಪು ಮಾತ್ರ ಹಾಕಿ. ಸೂರಪ್ಪ, ಮೂಗು ತೆಗೀಬೇಡ, ಉಂಡೆಗಳು ಬೇಗ ಒಡೀಲಿ."

"ಬಿಸಿಗೆ ನಿನ್ನ ಮಗಳಿಗೆ ಉಸಿರು ಕಟ್ಟುತ್ತಲ್ಲೇ?" ಅಂದ ಸೂರಪ್ಪ.

ಪಕ್ಕದಲ್ಲೇ ನಿಂತು ಕೇಳಿಸ್ಕೊಳ್ತಿದ್ದ ಗಾಳಿ, ಯಾರೂ ಕರೀದೇನೇ ಒಳಗೆ ಬಂದು ನೀರನ್ನ ಬುಳುಬುಳು ಅಂತ ಕಲಕ್ತು. ಮಗೂಗೆ ಉಸಿರು ಸಿಕ್ತು. ಇನ್ನು ಉಳಿದಿದ್ದು ಅಜ್ಜಿ.

"ಅಜ್ಜೀ, ಏಳು, ಗುಡಿಸು."

ಅಜ್ಜಿ ಎರಡೂ ಕೊಂಬು ಒಳಗೆ ಎಳ್ಕೊಂಡ್ಳು. "ಏನಂದೆ? ನೆಂಟರು ಈಗ ತಾನೇ ಹೊಸ್ತಿಲು ದಾಟಿದ್ದಾರೆ, ಆಗ್ಲೇ ಪೊರಕೇನಾ? ಹೆಣ ಎತ್ತಿದ ಮನೇಲಿ ಮಾಡೋ ಕೆಲಸ ಕಣೇ ಅದು!"

"ಹೆಣ ಎತ್ತೋದಕ್ಕೆ ಮುಂಚೆನೇ ಗುಡಿಸೋಣ ಅಂತ, ಅಜ್ಜೀ," ಅಂದ್ಳು ಚಿಗಳಿ.

ಅಜ್ಜಿ ಮೇಲೆ ನೋಡಿದ್ಳು. ಎಲೆ ಪಕ್ಕ ಸಾಸಿವೆ ತೇಲ್ತಿದ್ಳು. ಒಂದು ಕಾಲದಲ್ಲಿ ಅಜ್ಜಿ ಚಿಪ್ಪಿಗೆ ಮೈ ಉಜ್ಜಿ ಕಚಗುಳಿ ಇಟ್ಟೋಳು ಇವಳೇನಾ? ಅಜ್ಜಿ ಹೊಟ್ಟೆ ತಳಕ್ಕೆ ಹಚ್ಚಿ ಗುಡಿಸೋಕೆ ಶುರು ಮಾಡಿದ್ಳು. ಮಲಗಿದ್ದ ಉಂಡೆಗಳು ಕಸದ ಜೊತೆ ಕೋಡಿ ದಾಟಿ ಬಿಸಿ ಬಂಡೆ ಮೇಲೆ ಬಿದ್ದು ಒಣಗಿದ್ವು. ಅಜ್ಜಿಗೆ ಸಿಗದೆ ಒಡೆದ ಉಂಡೆಗಳ ಮರಿಗಳನ್ನ ಉಪ್ಪು ನೋಡ್ಕೊಳ್ತು.

ಒಂದು ದಿನ ಆಯ್ತು, ಚುಕ್ಕೆ ಇಲ್ಲ. ಪಂಡಿತರು ಗೊಣಗ್ಕೊಂಡು ಉಪ್ಪು ಹಾಕಿದ್ರು. ಮೂರು ದಿನ ಆಯ್ತು, ಚುಕ್ಕೆ ಇಲ್ಲ. ಪಂಡಿತರು ಇನ್ನೂ ಜೋರಾಗಿ ಗೊಣಗ್ಕೊಂಡು ಉಪ್ಪು ಹಾಕಿದ್ರು. ಹತ್ತನೇ ದಿನ ಬೆಳಗ್ಗೆ ಎಲೆ ಪಕ್ಕ ಯಾರೂ ಇರ್ಲಿಲ್ಲ. ಚಿಗಳಿ ಎಲೆ ಕೆಳಗೆಲ್ಲ ಹುಡುಕಿದ್ಳು.

ಅಷ್ಟರಲ್ಲಿ ಪಂಡಿತರ ಕಿರುಚಾಟ. "ಯಾರೇ ಅದು ನನ್ನ ಉಪ್ಪಿನ ಗುಡ್ಡೆ ಮೇಲೆ ಹಾರಿದ್ದು?"

ಸಾಸಿವೆ ಸಿಡೀತಿದ್ಳು.

ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗ್ಲಿಲ್ಲ. ಮೆಲ್ಲಗೆ ಚಿಗಳಿ ಹತ್ರ ಬಂದ್ಳು.

"ಒಂದು ಮಾತು ಕಣೇ. ಬೈಬೇಡ. ಎಲ್ಲ ಗುಡಿಸಿದೆ. ಆದ್ರೆ ಮನಸ್ಸು ತಡೀಲಿಲ್ಲ, ಒಂದು ಮೂಲೆ ಬಿಟ್ಟಿದ್ದೀನಿ. ಶಾಸ್ತ್ರಕ್ಕೆ."

"ಅಯ್ಯೋ ಅಜ್ಜೀ! ಯಾವ ಮೂಲೆ?"

ಅಜ್ಜಿಯ ಒಂದು ಕೊಂಬು ಆ ಕಡೆ ತಿರುಗ್ತು, ಇನ್ನೊಂದು ಈ ಕಡೆ ತಿರುಗ್ತು. "ಅಲ್ಲಿ... ಅಲ್ಲಲ್ಲ, ಇಲ್ಲಿ... ಅಲ್ವೇ, ಈ ಕೊಳ ದುಂಡಗಿದೆಯಲ್ಲೇ, ದುಂಡಗಿರೋದಕ್ಕೆ ಮೂಲೆ ಎಲ್ಲಿಂದ ಬಂತು?"

ಅದಕ್ಕೇ ಮರಿ, ನಿನ್ನ ಮೀನಿನ ಮೈಮೇಲಿನ ಬಿಳೀ ಚುಕ್ಕೆ ಉದುರಿಹೋದ್ರೂ ಇನ್ನಷ್ಟು ದಿನ ನೀರಿಗೆ ಉಪ್ಪು ಹಾಕ್ತಾನೇ ಇರಬೇಕು; ಅದಕ್ಕೇ ಇವತ್ತಿಗೂ ನಿನ್ನ ಗಾಜಿನ ತೊಟ್ಟೀಲಿ ಬಸವನಹುಳು ಒಂದು ಕೊಂಬು ಅತ್ತ, ಒಂದು ಕೊಂಬು ಇತ್ತ ತಿರುಗಿಸ್ಕೊಂಡು, ಗುಡಿಸಿದ ಜಾಗಾನೇ ಮತ್ತೆ ಗುಡಿಸ್ಕೊಂಡು, ಆ ಮೂಲೆ ಯಾವುದು ಅಂತ ಹುಡುಕ್ತಾನೇ ಇರುತ್ತೆ.